ಬಲಕ್ಕೆ ಹೋಗುವ ಚೆಂಡು

ಅಳಿಯನ ಚೆಂಡು ಯಾವಾಗಲೂ ಬಲಕ್ಕೇ ಹೋಗುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಗಾಲ್ಫ್ ಮೈದಾನದಲ್ಲಿ ಆತ ಡ್ರೈವರ್ ಎಂಬ ಉದ್ದನೆಯ ಕೋಲು ಬೀಸಿದರೆ ಚೆಂಡು ಮೊದಲು ನೆಟ್ಟಗೆ ಹೊರಟು, ಆಮೇಲೆ ಏನೋ ನೆನಪಾದವರಂತೆ ಬಾಗಿ ಮರಗಳ ಸಾಲಿನಾಚೆ ಬೀಳುತ್ತಿತ್ತು. ಮಾವನ ಇಬ್ಬರು ಸ್ನೇಹಿತರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಮಾವ ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು, “ಹೋಗಿ, ಹುಡುಕ್ಕೊಂಡು ಬನ್ನಿ” ಅನ್ನುತ್ತಿದ್ದರು.

ಹುಡುಕಲು ಹತ್ತು ನಿಮಿಷ ಬೇಕಾಗುತ್ತಿತ್ತು. ಒಮ್ಮೊಮ್ಮೆ ಚೆಂಡು ಕಾಲಬುಡದಲ್ಲೇ ಇರುತ್ತಿತ್ತು. ಆದರೂ ಹತ್ತು ನಿಮಿಷ ಬೇಕಾಗುತ್ತಿತ್ತು. ವಾರವಿಡೀ ಮಾವನ ಟೈಲ್ಸ್ ಅಂಗಡಿಯಲ್ಲಿ, ಮಾವನ ಮೇಜಿಗೆ ಎದುರಾಗಿ ಕೂತು, ಸಂಜೆ ಮಾವನ ಕಾರಿನಲ್ಲೇ ಮಾವನ ಮನೆಯ ಮಹಡಿಗೆ ಮರಳುವ ಮನುಷ್ಯ ಆತ. ಆ ಮರಗಳ ಹಿಂದೆ ಯಾರ ಕಣ್ಣೂ ಇರಲಿಲ್ಲ. ಅಲ್ಲಿ ಸುಮ್ಮನೆ ನಿಂತು ಉಸಿರಾಡುತ್ತಿದ್ದ.

ಮಾವನಿಗೆ ಇದೆಲ್ಲ ಗೊತ್ತಿರಲಿಲ್ಲ. ಸ್ನೇಹಿತರ ಎದುರು ತಮ್ಮ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತಿದೆ ಎಂಬುದಷ್ಟೇ ಗೊತ್ತು. ಒಂದು ಗುರುವಾರ ಮಧ್ಯಾಹ್ನ ಅಳಿಯನನ್ನು ಗಾಲ್ಫ್ ಸಾಮಾನಿನ ಅಂಗಡಿಗೆ ಕರೆದೊಯ್ದರು. ಆಟಗಾರನ ಮೈಕಟ್ಟಿಗೆ ಕೋಲು ಹೊಂದಿಸಿಕೊಡುವ ಹಿರಿಯರೊಬ್ಬರು ಅಲ್ಲಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

“ಮೇಷ್ಟ್ರೇ, ಇವ್ರು ಎಷ್ಟು ತಪ್ಪು ಹೊಡೆದ್ರೂ ಹೊಟ್ಟೆಗೆ ಹಾಕ್ಕೊಳ್ಳೋ ಅಂಥ ಡ್ರೈವರ್ ಕೊಡಿ,” ಅಂದರು ಮಾವ.

ಮೇಷ್ಟ್ರು ಹಳೆಯ ಡ್ರೈವರಿನ ಮುಖಕ್ಕೆ ಬಿಳಿ ಪುಡಿ ಸಿಂಪಡಿಸಿ ಬಲೆಯೆದುರು ಹತ್ತು ಚೆಂಡು ಹೊಡೆಸಿದರು. ಪುಡಿಯ ಮೇಲೆ ಗುರುತುಗಳು ಚೆಲ್ಲಾಪಿಲ್ಲಿಯಾಗಿ ಮೂಡಿದವು.

“ಕೋಲನ್ನ ಯಾರೋ ಕಿತ್ಕೊಳ್ತಾರೆ ಅನ್ನೋ ಹಾಗೆ ಹಿಡ್ಕೊಂಡಿದೀರಲ್ಲ ಸಾರ್! ಕೈ ಸ್ವಲ್ಪ ಸಡಿಲ ಬಿಡಿ.”

ಆಮೇಲೆ ದೊಡ್ಡ ತಲೆಯ, ತುಸು ಬಳುಕುವ ಹಿಡಿಯ ಡ್ರೈವರ್ ತಂದರು. ಅಂಚಿಗೆ ತಗುಲಿದರೂ ಇದರ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲವಂತೆ. ಅಡಿಯ ಪುಟ್ಟ ಭಾರವನ್ನು ಹಿಡಿಯ ಪಕ್ಕಕ್ಕೆ ಸರಿಸಿದರು. ಕೋಲು ತಲೆಗೆ ಸೇರುವ ಕತ್ತಿನ ಬಳಿಯ ಸ್ಕ್ರೂ ಬಿಚ್ಚಿ, ಡ್ರೈವರಿನ ಮುಖ ಕೊಂಚ ಎಡಕ್ಕೂ ಮೇಲಕ್ಕೂ ನೋಡುವಂತೆ ಕೂರಿಸಿದರು. ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಚೆಂಡಿನ ದಾರಿ ತೋರಿಸುವ ಗೆರೆ ಪ್ರತಿ ಹೊಡೆತಕ್ಕೂ ನೆಟ್ಟಗಾಗುತ್ತ ಬಂತು. ನಾಲ್ಕನೆಯದು ಸ್ಕೇಲಿಟ್ಟು ಎಳೆದಂತಿತ್ತು.

ಮಾವ ಫೋನ್ ಬಂತೆಂದು ಹೊರಗೆ ಹೋದರು. ಅಳಿಯ ದನಿ ತಗ್ಗಿಸಿ, “ಮೇಷ್ಟ್ರೇ, ಮೊದಲಿನ ಥರಾನೇ ಇಟ್ಬಿಡಿ. ಬಲಕ್ಕೆ ಹೋದ್ರೆ ನಂಗೇನೂ ಬೇಜಾರಿಲ್ಲ,” ಅಂದ.

“ನೆಟ್ಟಗೆ ಹೋಗ್ಲಿ ಅಂತ ಗೋಗರೆಯೋರು ಬೇಕಾದಷ್ಟು ಜನ. ಇದನ್ನ ಕೇಳಿದ್ದು ನೀವೊಬ್ರೇ.” ಮೇಷ್ಟ್ರು ನಕ್ಕರು. ಆದರೆ ಆತನ ಮುಖ ನೋಡಿ ನಗು ನಿಲ್ಲಿಸಿ, ಸ್ಕ್ರೂ ತಿರುಗಿಸುವ ಬೆರಳುದ್ದದ ಕೀಲಿಯೊಂದನ್ನು ಆತನ ಅಂಗೈಯಲ್ಲಿಟ್ಟರು. “ಬಿಚ್ಚಿ, ಕತ್ತಿನ ಮೇಲಿರೋ ಈ ಗೆರೆಗೆ ತಂದು, ಟಕ್ ಅನ್ನೋವರೆಗೆ ಬಿಗಿ ಮಾಡಿ. ಹಳೇ ಚಾಳಿಗೆ ಬರುತ್ತೆ.”

“ಏನದು?” ಮಾವ ಬಾಗಿಲಲ್ಲಿದ್ದರು.

“ಡ್ರೈವರಿನ ಕೀಲಿ, ಮಾವ.”

“ಇಲ್ಲಿ ಕೊಡಿ. ನೀವು ಎಲ್ಲಾದ್ರೂ ಕಳೀತೀರಿ.” ಅದು ಅವರ ಜೇಬು ಸೇರಿತು.

ಭಾನುವಾರ ಮೊದಲ ಚೆಂಡೇ ಮೈದಾನದ ನಟ್ಟನಡುವೆ ಹೋಗಿ ಕೂತಿತು. ಸ್ನೇಹಿತರು ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಅಳಿಯ ಯಾರಿಗೂ ಕಾಣದಂತೆ ಪಾದಗಳನ್ನು ಮರಗಳ ಕಡೆ ತಿರುಗಿಸಿ ಬೀಸಿದ. ಚೆಂಡು ಅಂಚಿನವರೆಗೆ ಹೋಗಿ, ಎಡಕ್ಕೆ ಬಾಗಿ, ಸಾಧು ಹಸುವಿನಂತೆ ಹುಲ್ಲಿಗೆ ಮರಳಿತು. ಆ ಬೆಳಿಗ್ಗೆಯಿಡೀ ನಾಲ್ವರೂ ಒಟ್ಟಿಗೇ ನಡೆದರು. ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿಕೊಂಡು, ಹೊಸದಾಗಿ ಬರಲಿರುವ ಬಚ್ಚಲುಮನೆ ಟೈಲ್ಸ್ ಬಗ್ಗೆ ಹೇಳುತ್ತ ಬಂದರು.

ಕಾರಿನಲ್ಲಿ ಮಾವ ಉಬ್ಬಿಹೋಗಿದ್ದರು. “ಜೋಡಿ ಪಂದ್ಯಕ್ಕೆ ನಮ್ಮಿಬ್ಬರ ಹೆಸರು ಕೊಟ್ಟಿದೀನಿ, ಅಳಿಯಂದ್ರೇ. ವರ್ಷ ಪೂರ್ತಿ. ಇನ್ಮೇಲೆ ಶನಿವಾರಾನೂ ಪ್ರ್ಯಾಕ್ಟೀಸ್.”

“ಶನಿವಾರ ನಂಗಾಗಲ್ಲ, ಮಾವ.”

“ಯಾಕೆ?” ಮಾವನಿಗೆ ಸಿಟ್ಟೇನೂ ಬಂದಿರಲಿಲ್ಲ. ನಿಜಕ್ಕೂ ಅಚ್ಚರಿಯಿಂದ ಕೇಳಿದರು. “ಏನಿದೆ ಶನಿವಾರ?”

ಆತ ಹುಡುಕಿದ. ಮಾವನಿಗೆ ಗೊತ್ತಿಲ್ಲದ ಒಬ್ಬ ಗೆಳೆಯ, ಒಂದು ಕೆಲಸ, ಹೋಗಬೇಕಾದ ಒಂದು ಜಾಗ. ಸಿಗ್ನಲ್ಲಿನಲ್ಲಿ ಕಾರು ನಿಂತಿತು, ಹೊರಟಿತು.

“ಏನಿಲ್ಲ,” ಅಂದ.

“ಮತ್ತೆ!” ಎಂದು ಮಾವ ಮನೆಯ ರಸ್ತೆಗೆ ಕಾರು ತಿರುಗಿಸಿದರು.