ಮೂರು ಕೂಗು

"ಎಂಜಿನ್ನು ಚೆಂದಾಗದಾ, ಕೆಟ್ಟದಾಗದಾ ಅನ್ನದ್ನ ಆಮೇಕೆ ನೋಡ್ಕಳವ. ಆರುಸುದ್ರೆ ಒಂದೇ ಏಟ್ಗೆ ಸಾಯ್ತದಾ? ಅಷ್ಟು ಯೋಳಪ್ಪ, ಸಾಕು."

ಪುಟ್ಟಮಾದಯ್ಯನವರು ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ಮಳವಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪ್‌ಸೆಟ್ಟು, ಟಿಲ್ಲರ್ರು, ಆಮೇಲಾಮೇಲೆ ದೋಣಿ ಎಂಜಿನ್ನು ಎಲ್ಲ ರಿಪೇರಿ ಮಾಡುತ್ತಾ ಬಂದವನು ನಾನು. ಯಾರೂ ಕೂರಿಸಿ ಕಲಿಸಿದ್ದಲ್ಲ. ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತದ್ದು. ಎಂಜಿನ್ ಕೊಳ್ಳಲು ಬಂದವರು ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಎಂದು ಕೇಳುತ್ತಾರೆ. ಎಷ್ಟು ಬೇಗ ಸಾಯುತ್ತೆ ಎಂದು ಕೇಳಿದವರು ಇವರೊಬ್ಬರೇ.

ಕಟ್ಟೆಕೊಪ್ಪಲಿನ ಹಿನ್ನೀರಿನಲ್ಲಿ ಬಲೆ ಬಿಡುವ ಮನೆ ಅವರದು. ಸಂಘದಿಂದ ಬಂದ ಫೈಬರ್ ದೋಣಿ ಗಟ್ಟಿಯಾಗಿಯೇ ಇತ್ತು. ಅದರ ಹಿಂದೆ ಕಟ್ಟಿದ್ದ ಎಂಜಿನ್ನಿನ ಬ್ಲಾಕು ಸೀಳಿಹೋಗಿತ್ತು. ಬದಲಿ ಎಂಜಿನ್ ನೋಡಲು ಮೂವರು ಬಂದಿದ್ದರು. ಅಂಗಡಿಯ ಬೆಂಚಿನ ಮೇಲೆ ಪುಟ್ಟಮಾದಯ್ಯನವರು. ಬಾಗಿಲ ಬಳಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಅವರ ತಮ್ಮನ ಹೆಂಡತಿ ಬೆಟ್ಟಮ್ಮ. ಅವಳ ಪಕ್ಕ ಮಗಳು ಸುನಿತಾ, ಮಂಡ್ಯದಲ್ಲಿ ಡಿಗ್ರಿ ಮುಗಿಸಿ ಈ ವರ್ಷದಿಂದ ತಾಯಿಯ ಜೊತೆ ಬಲೆ ಎತ್ತುತ್ತಿದ್ದವಳು. ತಮ್ಮ ತಿಮ್ಮಯ್ಯ ಇರಲಿಲ್ಲ. ಹೋದ ಕಾರ್ತೀಕದಲ್ಲಿ ಅದೇ ಹಿನ್ನೀರಿಗೆ ಬಿದ್ದು ಹೋಗಿದ್ದ.

"ಸಾಯ್ಲೇಬೇಕು ಅಂತ ಯಾಕೆ ಯಜಮಾನ್ರೇ?" ಎಂದೆ.

"ಕೂಗ್ಬೇಕಲ್ಲ ಸಸೀ. ನಮ್ಮಲ್ಲಿ ಮೂರು ಕೂಗು ಅದೆ. ನೀರ್ಗೆ ಬಿದ್ದೋನ್ನ ಎಸ್ರಿಡಿದು ಮೂರು ಸಲ ಕೂಗಾದು. ಓ ಅಂದ್ರೆ ನಮ್ಮೋನು, ಕೈ ಕೊಡಾದು. ಅನ್ನದಿದ್ರೆ ನೀರಿನೋನು. ನೀರಿನೋನ್ನ ನಾವು ಕಿತ್ಕಂಡ್ರೆ ನಮ್ಮನೇಲಿ ಇನ್ನೊಬ್ರನ್ನ ಕೇಳ್ತದೆ. ಎಂಜಿನ್ನು ಬಡ್ಕತಾ ಇದ್ರೆ ಓ ಅಂದದ್ದು ಎಂಗಪ್ಪ ಕೇಳುಸ್ತದೆ?"

ಕಾಫಿಗೆ ಸಕ್ಕರೆ ಕಮ್ಮಿ ಎನ್ನುವಷ್ಟು ಸಹಜವಾಗಿ ಹೇಳಿದರು. ಕೆಟ್ಟ ಮನುಷ್ಯರಲ್ಲ. ತಮ್ಮ ಸತ್ತ ಮೇಲೆ ಆ ತಾಯಿ ಮಗಳಿಗೆ ಒಂದು ದಿನ ಉಪವಾಸ ಬೀಳಲು ಬಿಟ್ಟವರಲ್ಲ. ಈ ಮಾತನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಇಂಥ ಪದ್ಧತಿಗಳನ್ನು ಕಾಪಾಡಿಕೊಂಡು ಬರುವವರು ದುಷ್ಟರು ಎಂದುಕೊಂಡರೆ ನಾವು ಎಲ್ಲೋ ದೂರ ನೋಡುತ್ತೇವೆ. ಅವರು ನಮ್ಮ ಬೆಂಚಿನ ಮೇಲೇ ಕೂತಿರುತ್ತಾರೆ.

"ತಿಮ್ಮಯ್ಯಣ್ಣ ಓ ಅನ್ನಲಿಲ್ವಾ?" ಎಂದು ಕೇಳಿಬಿಟ್ಟೆ.

ಉತ್ತರ ಬಂದದ್ದು ಬಾಗಿಲ ಕಡೆಯಿಂದ. "ಕಾಲ್ಗೆ ಬಲೆ ಸುತ್ಕಂಡಿತ್ತು," ಎಂದಳು ಬೆಟ್ಟಮ್ಮ. "ನಾನೂ ದೋಣೀಲೇ ಇದ್ದೆ. ಬಾವ ಎಂಜಿನ್ ಆರುಸ್ಬುಟ್ಟು ಕೂಗುದ್ರು. ನಮ್ಮೋರು ಎರಡು ಮಾರು ದೂರ್ದಲ್ಲಿ ನನ್ನೇ ನೋಡ್ತಿದ್ರು. ಬಾಯಿ ತೆರ್ದಿತ್ತು. ದನಿ ಬರ್ನಿಲ್ಲ. ಗಂಡನ ಎಸ್ರು ನಾನು ಎತ್ತಾಂಗಿಲ್ವಲ್ಲ, ಸುಮ್ಕೆ ಕುಂತಿದ್ದೆ. ಮೂರು ಕೂಗು ಮುಗೀತು. ಆಮೇಲೆ ಮನ್ಸು ತಡೀನಾರ್ದೆ ಬಾವಾನೇ ಎಂಜಿನ್ ಎಳುದ್ರು. ಅದು ಏಳ್ನೇ ಇಲ್ಲ."

"ಅದ್ನೆಲ್ಲ ಈಗ್ಯಾಕವ್ವ," ಎಂದರು ಪುಟ್ಟಮಾದಯ್ಯ, ನೆಲ ನೋಡುತ್ತಾ.

"ಈಗ್ಲೂ ಅವ್ರು ಓ ಅಂತಾರೆ." ಬೆಟ್ಟಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸಂಜೆ ಹೊತ್ಗೆ ಯಾರಾನ ನೀರ್ಮೇಲೆ ಯಾರ್ನಾದ್ರೂ ಕೂಗುದ್ರೆ, ಮೂರು ಕೂಗಾದ್ಮೇಲೆ, ಹಳೇಕೊಪ್ಪಲು ಮುಳುಗವ್ದಲ್ಲ, ಆ ಹುಣಸೇಮರದ ಕಡೆಯಿಂದ ಓ ಅಂತದೆ. ತಡವಾಗಿ."

ಸುನಿತಾ ತಾಯಿಯ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. ಹೊರಗೆ ಮದ್ದೂರಿನ ಬಸ್ಸು ಹಾರನ್ ಹೊಡೆದು ಹೋಯಿತು.

ನನ್ನಲ್ಲಿ ಎರಡು ಎಂಜಿನ್ ಇದ್ದವು. ಒಂದು ಕರಾವಳಿ ಕಡೆಯಿಂದ ಬಂದ ಹಳೇ ಟೂ ಸ್ಟ್ರೋಕು. ಹಗ್ಗ ಸುತ್ತಿ ಎಳೆಯಬೇಕು. ಗೇರಿಲ್ಲ, ಹೊತ್ತಿಕೊಂಡರೆ ದೋಣಿ ಮುಂದಕ್ಕೆ ನುಗ್ಗುತ್ತದೆ, ಗುಂಡಿ ಒತ್ತಿದರೆ ಸಾಯುತ್ತದೆ. ಇನ್ನೊಂದು ಹೊಸ ಫೋರ್ ಸ್ಟ್ರೋಕು. ಬಟನ್ ಒತ್ತಿದರೆ ಏಳುತ್ತದೆ. ಮುಂದಕ್ಕೆ, ಹಿಂದಕ್ಕೆ ಗೇರುಂಟು. ನ್ಯೂಟ್ರಲ್ ಮಾಡಿದರೆ ಎಂಜಿನ್ ಓಡುತ್ತಲೇ ಇರುತ್ತದೆ, ನೀರಿನಲ್ಲಿರುವ ಫ್ಯಾನು ಮಾತ್ರ ನಿಲ್ಲುತ್ತದೆ.

"ಅದೇನ್ಲಾ ಕೆಂಪು ದಾರ?" ಎಂದರು ಪುಟ್ಟಮಾದಯ್ಯ, ಹೊಸ ಎಂಜಿನ್ನಿಗೆ ಜೋತಿದ್ದುದನ್ನು ತೋರಿಸಿ.

"ಓಡುಸೋರು ಕೈಗೆ ಹಾಕಳದು. ಅವ್ರು ಬಿದ್ರೆ ದಾರ ಕಿತ್ಕಂಡು ಎಂಜಿನ್ನು ತಾನಾಗೇ ನಿಂತ್ಕತದೆ."

"ಬಿದ್ರೆ ಅಂತ್ಲೇ ಮಾಡವ್ರಾ! ನಾವು ಬೀಳೋದ್ನೇ ಕಾಯ್ಕಂಡು ಕುಂತಿರೋ ಎಂಜಿನ್ನು ನಮ್ಗ್ಯಾಕಪ್ಪ? ಆ ಹಳೇದೇ ಕೊಡು. ಸಾಯ್ತದಲ್ಲ, ಅದೇ ಸರಿ."

"ದೊಡ್ಡಪ್ಪ, ಮುಳುಗೋರಿಗೆ ಉಸ್ರೇ ಇರಲ್ಲ," ಎಂದಳು ಸುನಿತಾ. "ಓ ಅನ್ನಾಕೆ ಉಸ್ರು ಬೇಕು ತಾನೆ? ಓ ಅನ್ನೋನಿಗೆ ನಮ್ ಕೈ ಬೇಕಾಗಿಲ್ಲ. ಅನ್ನಕಾಗ್ದೋನ್ಗೇ ಬೇಕಾಗಿರೋದು."

"ಓ, ನಮ್ಮಜ್ಜ ದಡ್ಡ ಅನ್ನು ಅಂಗಾರೆ!"

"ದಡ್ಡ ಅಲ್ಲ ಯಜಮಾನ್ರೇ," ಎಂದೆ ನಾನು. "ನಿಮ್ಮಜ್ಜನ ಕಾಲ್ದಲ್ಲಿ ತೆಪ್ಪ. ಮಂಜು ಬೇರೆ. ಬಿದ್ದೋನು ಯಾವ ಕಡೆ ಅವ್ನೆ ಅಂತ ತಿಳ್ಕಳಾಕೆ ಕೂಗಿರ್ತಾರೆ. ಕೂಗಿದ್ದು ಉಡುಕಾಕೆ. ಕೈ ಬುಡಾಕಲ್ಲ."

ಅವರು ಹೊಸ ಎಂಜಿನ್ನಿನ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ, "ಅಂಗಾರೆ ನಾನು ನನ್ ತಮ್ಮನ್ನ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಟವಲ್ಲು ಕೊಡವಿ ಎದ್ದರು. "ಹಳೇದೇ ಕಟ್ಟು ಕಣ್ಲಾ. ಮಾತು ಬ್ಯಾಡ."

ಆಗ ನನಗೆ ಅರ್ಥವಾಯಿತು. ಆ ಪದ್ಧತಿ ಸುಳ್ಳೆಂದು ಒಪ್ಪಿದರೆ ತಮ್ಮನನ್ನು ನೀರಲ್ಲ, ತಾವೇ ಬಿಟ್ಟದ್ದೆಂದು ಒಪ್ಪಬೇಕು. ಯಾವ ಎಂಜಿನ್ನಿಗಾಗಿ ಯಾರು ಅಷ್ಟು ತೆತ್ತಾರು?

"ಹಳೇದು ಬಂದ್ರೆ ನಾನು ದೋಣಿ ಅತ್ತಾಕಿಲ್ಲ ಬಾವ," ಎಂದಳು ಬೆಟ್ಟಮ್ಮ. "ನನ್ ಮಗ್ಳನ್ನೂ ಅತ್ಸಾಕಿಲ್ಲ. ಒಂದ್ಸಲ ಬಾಯಿ ಮುಚ್ಕಂಡು ಕುಂತಿದ್ದೆ. ಇವ್ಳು ಬಿದ್ದು ನನ್ನೇ ನೋಡ್ತಾ ಇರುವಾಗ ಇನ್ನೊಂದ್ಸಲ ಕುಂತ್ಕಳಾಕೆ ನನ್ ಕೈಲಾಗಾಕಿಲ್ಲ."

ಇಬ್ಬರು ಎತ್ತದಿದ್ದರೆ ಆ ಬಲೆ ಏಳುವುದಿಲ್ಲ. ನಾನು ನಡುವೆ ಬಂದೆ. "ಇಬ್ರೂ ಸ್ವಲ್ಪ ತಡೀರಿ. ಸುಕ್ರವಾರ ಎರಡನ್ನೂ ಆಟೋದಲ್ಲಿ ಆಕ್ಕಂಡು ಅಲ್ಲಿಗೇ ತತ್ತೀನಿ. ನೀರ್ಮೇಲೆ ಓಡ್ಸಿ ನೋಡಿ. ಯಾವ್ದು ಬೇಕೋ ಅಲ್ಲೇ ಆರುಸ್ಕಳಿ."

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ನೀರು ಅಲುಗದೆ ಬಿದ್ದಿತ್ತು. ಆಕಾಶ ಯಾವುದು ನೀರು ಯಾವುದು ಎಂಬ ಗೆರೆ ಅಳಿಸಿಹೋಗಿತ್ತು. ನಡುವೆ ಒಣಗಿದ ಹುಣಸೇಮರಗಳ ತಲೆಗಳು ಮಾತ್ರ ಎದ್ದಿದ್ದವು. ಅವುಗಳ ಬುಡ ಹಳೇಕೊಪ್ಪಲಿನ ಬೀದಿಯಲ್ಲಿತ್ತು. ಅಲ್ಲೇ ಕೆಳಗೆ ಅವರ ಅಜ್ಜನ ಮನೆಯ ಜಗುಲಿಯೂ ಇದೆಯಂತೆ.

ಮೊದಲು ಹಳೆಯದನ್ನು ಕಟ್ಟಿದೆ. ಪುಟ್ಟಮಾದಯ್ಯನವರೇ ಓಡಿಸಿದರು. ಹುಣಸೇಮರದ ಹತ್ತಿರ ಬಂದಾಗ ಗುಂಡಿ ಒತ್ತಿದರು. ಎಂಜಿನ್ನು ಒಂದೇ ಏಟಿಗೆ ಸತ್ತಿತು. ಅಂಥ ನಿಶ್ಶಬ್ದವನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ದೋಣಿಯ ತಳಕ್ಕೆ ನೀರು ನಾಲಗೆ ತಾಕಿಸುವುದು ಕೂಡ ಕೇಳುತ್ತಿತ್ತು.

"ನೋಡ್ಲಾ," ಎಂದರು ಮೆಲ್ಲಗೆ. "ಇಂಗಿರ್ಬೇಕು." ಆಮೇಲೆ ಏನನ್ನಿಸಿತೋ, ಎದ್ದು ನಿಂತು, ಬಾಯಿಗೆ ಎರಡೂ ಕೈ ಹಿಡಿದು ಕೂಗಿದರು. "ತಿಮ್ಮಾ..."

ಬೆಟ್ಟಮ್ಮ ಕಣ್ಣು ಮುಚ್ಚಿಕೊಂಡಳು.

"ತಿಮ್ಮಾ... ತಿಮ್ಮಾ..."

ಮರದ ಮೇಲಿದ್ದ ನೀರುಕಾಗೆಗಳು ಕತ್ತು ತಿರುಗಿಸಿದವು. ನಾನು ಮನಸ್ಸಿನಲ್ಲೇ ಹತ್ತು ಎಣಿಸಿದೆ. ಹನ್ನೊಂದಕ್ಕೆ ಬಂತು. ದೂರವಲ್ಲ, ಹತ್ತಿರವೂ ಅಲ್ಲ. ನೀರಿನ ಮಟ್ಟದಲ್ಲೇ, ಬಾಯಿತುಂಬ ನೀರಿರುವವನು ಅಂದ ಹಾಗೆ: ಓ. ಏರಿಯ ಕಲ್ಲುಗೋಡೆಗೆ ಬಡಿದು ತಿರುಗಿ ಬಂದ ದನಿ ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಕೂಗಿದ್ದು "ತಿಮ್ಮಾ", ಬಂದದ್ದು "ಓ".

"ಓಗವ, ಓಗವ," ಎಂದು ಪುಟ್ಟಮಾದಯ್ಯ ಹಗ್ಗ ಸುತ್ತಿ ಎಳೆದರು. ಎಂಜಿನ್ನು ಕೆಮ್ಮಿತು. ಮತ್ತೆ ಎಳೆದರು. ನಾನೂ ಎಳೆದೆ. ಸುನಿತಾ ಪ್ರತಿ ಎಳೆತಕ್ಕೂ ಒಂದೊಂದು ಬೆರಳು ಮಡಿಸುತ್ತಿದ್ದಳು. ಕೊನೆಗೂ ಹೊತ್ತಿಕೊಂಡಾಗ, "ಹತ್ತೊಂಬತ್ತು," ಎಂದಳು. ಅಷ್ಟೇ ಅಂದದ್ದು.

ದಡಕ್ಕೆ ಬಂದು ಹೊಸದನ್ನು ಕಟ್ಟಿದೆ. ಹಳೆಯದನ್ನು ದೋಣಿಯಲ್ಲೇ ಮಲಗಿಸಿದೆವು. ಈ ಸಲ ಎಂಜಿನ್ನಿನ ಹಿಡಿ ಹಿಡಿದು ಓಡಿಸಿದವಳು ಬೆಟ್ಟಮ್ಮ. ಕೆಂಪು ದಾರವನ್ನು ಮಣಿಕಟ್ಟಿಗೆ ಹಾಕಿಕೊಂಡು, ಗೇರ್ ಎಲ್ಲಿ, ನ್ಯೂಟ್ರಲ್ ಎಲ್ಲಿ ಎಂದು ನನ್ನಿಂದ ಎರಡು ಸಲ ಕೇಳಿ ತಿಳಿದಳು. ಪುಟ್ಟಮಾದಯ್ಯ ಮುಂದುಗಡೆ ಬಲೆಯ ಗುಡ್ಡೆಯ ಪಕ್ಕ ನಿಂತಿದ್ದರು.

"ಕುಂತ್ಕಳಿ ಯಜಮಾನ್ರೇ," ಎಂದೆ.

"ನಾನು ನಡೆಯಾದು ಕಲ್ತಿದ್ದೇ ದೋಣೀಲಿ ಕಣ್ಲಾ," ಎಂದರು.

ಹುಣಸೇಮರ ದಾಟುತ್ತಿದ್ದಂತೆ ನೀರೊಳಗಿನ ಯಾವುದೋ ಕೊಂಬೆ ದೋಣಿಯ ತಳಕ್ಕೆ ತಾಗಿತು. ಸಣ್ಣ ಏಟು. ಅಷ್ಟಕ್ಕೇ ಪುಟ್ಟಮಾದಯ್ಯ ನೀರಿಗೆ ಹೋದರು. ಬಲೆಯ ಒಂದು ಮಡಿಕೆ ಅವರ ಕಾಲು ಹಿಡಿದು ಜೊತೆಗೇ ಸರಸರನೆ ಇಳಿಯಿತು. ದೋಣಿ ಓಡುತ್ತಿದ್ದ ವೇಗಕ್ಕೆ ಮೂರು ನಾಲ್ಕು ಮಾರು ಹಿಂದೆ ಬಿದ್ದರು. ತಿರುಗಿ ನೋಡಿದೆ. ಅವರ ಮುಖ ನೀರಿನ ಮಟ್ಟದಲ್ಲಿತ್ತು. ಬಾಯಿ ತೆರೆದಿತ್ತು. ಕೈಗಳು ಬೀಸುತ್ತಿರಲಿಲ್ಲ, ಕಾಣದ ಏಣಿಯನ್ನು ಹತ್ತುವವರ ಹಾಗೆ ನೀರನ್ನು ಒತ್ತುತ್ತಿದ್ದವು. ಸದ್ದೇ ಇಲ್ಲ. ನೋಡದಿದ್ದವನಿಗೆ ಒಬ್ಬ ಮುಳುಗುತ್ತಿದ್ದಾನೆ ಎಂದೇ ತಿಳಿಯುತ್ತಿರಲಿಲ್ಲ.

ನನ್ನ ಬಾಯಿಗೆ ಕೂಗು ಬಂತು. ಇಷ್ಟು ತಿಳಿದವನ ಬಾಯಿಗೂ ಮೊದಲು ಬಂದದ್ದು ಅದೇ.

"ಯಾರೂ ಕೂಗ್ಬ್ಯಾಡಿ!" ಎಂದಳು ಬೆಟ್ಟಮ್ಮ.

ಎಂಜಿನ್ ಆರಿಸಲಿಲ್ಲ. ಹಿಡಿಯನ್ನು ಎದೆಗೆ ಎಳೆದುಕೊಂಡು ದೋಣಿಯನ್ನು ನಿಂತ ಜಾಗದಲ್ಲೇ ಎನ್ನುವಂತೆ ತಿರುಗಿಸಿದಳು. ಹತ್ತಿರ ಬರುತ್ತಿದ್ದಂತೆ ನ್ಯೂಟ್ರಲ್ ಮಾಡಿದಳು. ಇಲ್ಲದಿದ್ದರೆ ಬಲೆ ಫ್ಯಾನಿಗೆ ಸುತ್ತಿಕೊಂಡು ನಾಲ್ವರ ಕತೆಯೂ ಅಲ್ಲೇ ಮುಗಿಯುತ್ತಿತ್ತು. ಸುನಿತಾ ಹೊಟ್ಟೆಯ ಮೇಲೆ ಮಲಗಿ ದೊಡ್ಡಪ್ಪನ ಅಂಗಿಯ ಕತ್ತು ಹಿಡಿದಳು, ನಾನು ತೋಳು ಹಿಡಿದೆ. ಬಲೆ ಕೆಳಕ್ಕೆ ಜಗ್ಗುತ್ತಿತ್ತು, ಯಾರೋ ಕೊಡುವುದಿಲ್ಲ ಎನ್ನುತ್ತಿರುವ ಹಾಗೆ. ಬೆಟ್ಟಮ್ಮ ಕೂತಲ್ಲಿಂದಲೇ ಬಾಗಿ ಮೀನು ಕೊಯ್ಯುವ ಚಾಕುವಿನಿಂದ ಬಲೆಯನ್ನು ಕತ್ತರಿಸಿದಳು. ಅವರು ದೋಣಿಗೆ ಬಿದ್ದರು.

ನೀರು ಕಾರಿ, ಉಸಿರು ತಿರುಗಿ, ಮಾತು ಬರಲು ಸ್ವಲ್ಪ ಹೊತ್ತಾಯಿತು. ಎಂಜಿನ್ನು ಹಿಂದೆ ಗುಣುಗುಣು ಎನ್ನುತ್ತಲೇ ಇತ್ತು.

"ನಿಮ್ಗೆ ಕೇಳುಸ್ನಿಲ್ವಾ?" ಎಂದರು ಮೊದಲು. "ಮೂರು ಕೂಗ್ಗೂ ನಾನು ಓ ಅಂದೆ. ಎದೆ ಒಡ್ದೋಗಂಗೆ ಅಂದೆ."

"ಯಾರೂ ಕೂಗೇ ಇಲ್ಲ ಕಣ್ ದೊಡ್ಡಪ್ಪ," ಎಂದಳು ಸುನಿತಾ.

"ಕೂಗುದ್ರು. ಅಣ್ಣಾ ಅಂತ. ಮೂರು ಸಲ." ಅವರು ಹುಣಸೇಮರದ ಕಡೆಗೆ ಕತ್ತು ತಿರುಗಿಸಿದರು. ಆ ಮುಖದಲ್ಲಿ ಒಂದೊಂದೇ ಗಂಟು ಬಿಚ್ಚುತ್ತಾ ಹೋದದ್ದನ್ನು ನಾನು ನೋಡಿದೆ. "ಓ ಅಂದೆ. ನನ್ ಕಿವೀಗೇ ಕೇಳುಸ್ನಿಲ್ಲ. ಬೆಟ್ಟಮ್ಮ... ಅಂಗಾರೆ ಅವ್ನೂ?"

"ತಿಮ್ಮಯ್ಯನೂ ಓ ಅಂದಿದ್ರು ಬಾವ," ಎಂದಳು ಬೆಟ್ಟಮ್ಮ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. "ಮೂರು ಕೂಗ್ಗೂ ಅಂದಿರ್ತಾರೆ."

ಪುಟ್ಟಮಾದಯ್ಯ ಅಳಲಿಲ್ಲ. ಒದ್ದೆ ಬಟ್ಟೆಯಲ್ಲೇ ತೆವಳಿಕೊಂಡು ಹೋಗಿ, ಮಲಗಿಸಿದ್ದ ಹಳೇ ಎಂಜಿನ್ನಿನ ಎಳೆಯುವ ಹಗ್ಗವನ್ನು ಕೈಗೆ ತೆಗೆದುಕೊಂಡರು. ದೋಣಿಯ ಮೂಲೆಯಲ್ಲಿದ್ದ ಖಾಲಿ ಕ್ಯಾನನ್ನು ಎಳೆದುಕೊಂಡು ಅದರ ಹಿಡಿಗೆ ಆ ಹಗ್ಗ ಕಟ್ಟತೊಡಗಿದರು. ಗಂಟು ಎರಡು ಸಲ ಜಾರಿತು. ಬೆಟ್ಟಮ್ಮ ಮಣಿಕಟ್ಟಿನ ಕೆಂಪು ದಾರ ಬಿಚ್ಚದೆ, ಇನ್ನೊಂದು ಕೈ ಚಾಚಿ, ಗಂಟಿನ ಮೇಲೆ ಬೆರಳು ಒತ್ತಿ ಹಿಡಿದಳು. ಅವರು ಬಿಗಿದರು. ಆಮೇಲೆ ಹಗ್ಗದ ತುದಿಯನ್ನು ಕೈಯಲ್ಲೇ ಹಿಡಿದು, ಬಿದ್ದವರ ಕಡೆ ಎಸೆಯುವ ಹಾಗೆ ಕ್ಯಾನನ್ನು ಎತ್ತಿ ನೀರಿಗೆ ಎಸೆದು, ಅದು ತೇಲುತ್ತದೋ ಇಲ್ಲವೋ ನೋಡಿದರು.