ಎಡಗೈಯಲ್ಲಿ ಬರೆದ ಹೋಮ್‌ವರ್ಕ್

ನನ್ನ ತಮ್ಮನ ಅಕ್ಷರ ಚೆನ್ನಾಗಿಲ್ಲ ಎಂದು ಅವನ ಟೀಚರುಗಳೆಲ್ಲ ಹೇಳುತ್ತಿದ್ದರು. ಕಾಗೆ ಕಾಲು ಗುಬ್ಬಿ ಕಾಲು ಎಂದು ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೂ ಇದ್ದರು. ಆ ಬೈಗುಳ ನ್ಯಾಯವಾಗಿ ನನಗೆ ಸೇರಬೇಕಾದದ್ದು. ಮೂರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಅವನ ಹೋಮ್‌ವರ್ಕನ್ನೆಲ್ಲ ಬರೆದವಳು ನಾನು. ಬಲಗೈಯಲ್ಲಿ ನನ್ನದು, ಎಡಗೈಯಲ್ಲಿ ಅವನದು.

ಅಪ್ಪ ಇಲ್ಲದ ಮೂವರ ಮನೆ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಿದ್ದಳು. ತನ್ನ ಹೆಸರಿನ ಸಹಿ ಬಿಟ್ಟರೆ ಅವಳಿಗೆ ಅಕ್ಷರ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಭಕ್ತಿ ಜಾಸ್ತಿ. ಹೋಮ್‌ವರ್ಕ್ ಮುಗಿಯದೆ ಯಾರೂ ತಟ್ಟೆ ಮುಂದೆ ಕೂರುವಂತಿಲ್ಲ, ಇದು ಮನೆಯ ಕಾನೂನು. ಕೆಲಸದಿಂದ ಬಂದು, ಕೈ ತೊಳೆದು, ಇಬ್ಬರ ಪುಸ್ತಕವನ್ನೂ ತಿರುವಿ ನೋಡುತ್ತಿದ್ದಳು. ಪುಟ ತುಂಬಿದ್ದರೆ ಅವಳಿಗೆ ಸಾಕು.

ತಮ್ಮನಿಗೆ ಅಕ್ಷರಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ‘ಓಡಾಡ್ತವೆ ಅಕ್ಕ’ ಎನ್ನುತ್ತಿದ್ದ. ಅವನ ಒಂದು ಪುಟ ಮುಗಿಯಲೆಂದು ಕಾದರೆ ಮೂವರಿಗೂ ಉಪವಾಸ. ಒಂದು ಸಂಜೆ ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಬರೆದುಬಿಟ್ಟೆ. ತಮ್ಮನ ಮೇಲಿನ ಪ್ರೀತಿಗೆ ಮಾಡಿದೆ ಎಂದು ಈಗ ಹೇಳಿಕೊಳ್ಳಬಹುದು. ಸುಳ್ಳು. ಮೊದಲ ದಿನ ಹಸಿವಿಗೆ ಮಾಡಿದೆ, ಆಮೇಲೆ ಅದೇ ಅಭ್ಯಾಸವಾಯಿತು.

ಓದುವ ಪಾಠಕ್ಕೆ ಬೇರೆ ಉಪಾಯ. ನಾನು ಎರಡು ಸಲ ಓದಿದರೆ ಅವನಿಗೆ ಬಾಯಿಪಾಠ. ಅಮ್ಮನ ಮುಂದೆ ಪುಸ್ತಕ ಬಿಚ್ಚಿ, ಸಾಲಿನ ಕೆಳಗೆ ಬೆರಳು ಓಡಿಸುತ್ತ ಗಿಳಿಪಾಠ ಒಪ್ಪಿಸುತ್ತಿದ್ದ. ಹಾಳೆ ತಿರುಗಿಸಬೇಕಾದ ಕಡೆ ನಾನು ಕೆಮ್ಮಬೇಕು. ‘ನಿನಗಿಂತ ಚೆನ್ನಾಗಿ ಓದ್ತಾನೆ ನೋಡೇ’ ಎಂದು ಅಮ್ಮ ನನಗೇ ಹೇಳುವಳು. ನಾವಿಬ್ಬರೂ ತುಟಿ ಕಚ್ಚಿ ನಗು ತಡೆಯುತ್ತಿದ್ದೆವು.

ಅವನೇನೂ ಪುಕ್ಕಟೆ ಮಾಡಿಸಿಕೊಳ್ಳುತ್ತಿರಲಿಲ್ಲ. ನನ್ನ ಪೆನ್ಸಿಲ್ ಚೂಪು ಮಾಡುತ್ತಿದ್ದ, ಇಬ್ಬರ ಪುಸ್ತಕಕ್ಕೂ ಬೈಂಡ್ ಹಾಕುತ್ತಿದ್ದ, ಪುಟಪುಟಕ್ಕೂ ಮಾರ್ಜಿನ್ ಎಳೆದುಕೊಡುತ್ತಿದ್ದ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನೇ ಚಿತ್ರ ಬರೆದ ಹಾಗೆ ಇಳಿಸಿ ಬರುತ್ತಿದ್ದ. ಎಂಟನೆಯವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ತಂಟೆ ಮಾಡದೆ ಕೂತವನನ್ನು ಯಾರು ಕೇಳುತ್ತಾರೆ? ಎಂಟು ಮುಗಿದ ಮೇಲೆ ಅವನು ಟೈಲ್ಸ್ ಹಾಕುವ ಮೇಸ್ತ್ರಿಯ ಜೊತೆ ಹೋದ. ಆ ಕೆಲಸ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ನನಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಯಾವ ಡಾಕ್ಟರ ಬರಹವನ್ನಾದರೂ ಓದುತ್ತೇನೆ ಎಂದು ಅಲ್ಲಿ ನನಗೆ ಭಾರಿ ಹೆಸರು.

ಅವನಿಗೆ ಇಪ್ಪತ್ತನಾಲ್ಕು ತುಂಬಿದಾಗ ಮೇಸ್ತ್ರಿ ಒಂದು ಫಾರಂ ತಂದುಕೊಟ್ಟ. ಬರೆಯುವ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಸೂಪರ್‌ವೈಸರ್ ಆಗಬಹುದು. ಫಾರಂ ಮೂರು ವಾರ ತಮ್ಮನ ಜೇಬಿನಲ್ಲೇ ಇತ್ತು. ಒಂದು ಬೆಳಿಗ್ಗೆ ಅಮ್ಮನ ತಾಳ್ಮೆ ಮುಗಿಯಿತು.

‘ನಂಗೆ ಬೇಡಮ್ಮ’ ಎಂದ ಅವನು.

‘ಯಾಕೆ ಬೇಡ? ಬರೆಯೋಕೆ ಬರಲ್ವಾ ನಿಂಗೆ? ಟ್ರಂಕ್ ತುಂಬಾ ಬರೆದಿಟ್ಟಿದೀಯಲ್ಲೋ. ಸೋಮಾರಿ. ನೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.’

ತಮ್ಮ ನನ್ನ ಮುಖ ನೋಡಿದ. ಅವನಿಗೆ ಬರುವುದಿಲ್ಲ ಎಂದು ನಾನು ಹೇಳಬಹುದಿತ್ತು. ಊಟದ ಡಬ್ಬಿಯ ಮುಚ್ಚಳ ಕೂರುತ್ತಿಲ್ಲವೇನೋ ಎಂಬಂತೆ ಅದನ್ನೇ ಒತ್ತುತ್ತ ನಿಂತೆ. ಅವನು ಡಬ್ಬಿ ತೆಗೆದುಕೊಂಡು ಹೊರಟುಹೋದ.

ಅವತ್ತು ಅವನು ಹೋದದ್ದು ಹೊಸದೊಂದು ಕಟ್ಟಡಕ್ಕೆ, ಅಲ್ಲಿ ಅವನಿಗೆ ಅದೇ ಮೊದಲ ದಿನ. ನಾಲ್ಕನೇ ಮಹಡಿಯ ಬಾಲ್ಕನಿಗೆ ಆಸರೆ ಕೊಟ್ಟಿದ್ದ ಕಂಬಗಳನ್ನು ಹಿಂದಿನ ದಿನವಷ್ಟೇ ಬಿಚ್ಚಿದ್ದರು, ನೆಲ ಬಿರುಕು ಬಿಟ್ಟಿತ್ತು. ಬಾಗಿಲಿಗೆ ಅಡ್ಡವಾಗಿ ಒಂದು ಬೋರ್ಡ್ ನಿಲ್ಲಿಸಿದ್ದರು. ತಮ್ಮ ಅದನ್ನು ಪಕ್ಕಕ್ಕೆ ಸರಿಸಿ, ಅಳತೆ ಟೇಪ್ ಹಿಡಿದು ಬಾಲ್ಕನಿಗೆ ಕಾಲಿಟ್ಟ. ಬಾಲ್ಕನಿ ಅವನ ಸಮೇತ ಕೆಳಗೆ ಬಿತ್ತು.

‘ಬೋರ್ಡ್ ಹಾಕಿದ್ವಿ ಅಮ್ಮ’ ಎಂದು ಇಂಜಿನಿಯರ್ ಮನೆಗೆ ಬಂದು ಹೇಳಿದ. ‘ಇಷ್ಟಿಷ್ಟು ದೊಡ್ಡ ಅಕ್ಷರ, ಕಾಲಿಡಬೇಡಿ ಅಂತ. ಓದಿದೋರು ಯಾರೂ ಆ ಕಡೆ ಹೋಗಲಿಲ್ಲ.’

ಅಮ್ಮ ಆ ಕೊನೆಯ ಮಾತು ಹಿಡಿದುಕೊಂಡಳು. ಟ್ರಂಕ್ ಎಳೆದು ಅವನ ನೋಟ್‌ಬುಕ್ಕುಗಳನ್ನು ಸುತ್ತ ಹರಡಿಕೊಂಡು ಕೂತಳು. ಅನ್ನ ಬಿಟ್ಟಳು. ನಾನು ಬಲವಂತ ಮಾಡಿ ಕುಡಿಸಿದ ಗಂಜಿಯಲ್ಲೇ ಜೀವ ಹಿಡಿದಿದ್ದಳು. ಯಾರು ಬಂದರೂ ಅದೇ ಮಾತು. ‘ನನ್ನ ಮಗ ಓದಿದೋನು. ಓದಿಯೇ ಕಾಲಿಟ್ಟಿದಾನೆ. ಇಲ್ಲದಿದ್ದರೂ ಒಂದೇ ಅಂದೆನಲ್ಲ, ಅದಕ್ಕೇ ಹೋದ.’

‘ಅವಸರದಲ್ಲಿ ನೋಡಿರಲ್ಲ ಅಮ್ಮ’ ಎಂದೆ ನಾನು.

‘ಕೈಯಲ್ಲಿ ಹಿಡಿದು ಸರಿಸಿದಾನೆ ಕಣೇ. ನೋಡದೇ ಇರ್ತಾನಾ?’

ಹದಿನಾರು ದಿನ ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ ಅವನದೆಂದು ಉಳಿದಿರುವುದು ಆ ಪುಸ್ತಕಗಳಷ್ಟೇ, ಅದನ್ನೂ ಹೇಗೆ ಕಿತ್ತುಕೊಳ್ಳಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗೆ ಹೆದರಿಕೆ. ಅವಳು ತನ್ನ ತಲೆಯ ಮೇಲೆ ಹೊತ್ತುಕೊಂಡ ಸಾವು ನನ್ನ ತಲೆಗೆ ಬರುತ್ತದಲ್ಲ ಎಂಬ ಹೆದರಿಕೆ.

ಹದಿನೇಳನೇ ದಿನ ಮಧ್ಯಾಹ್ನ ಅಮ್ಮ ಒಂದು ಪುಟ ಬಿಚ್ಚಿ ನನ್ನ ಮುಂದೆ ಹಿಡಿದಳು. ‘ಇದರಲ್ಲಿ ಏನು ಬರೆದಿದಾನೆ, ಓದು.’

ಐದನೇ ಕ್ಲಾಸಿನ ಪ್ರಬಂಧ, ‘ನನ್ನ ತಾಯಿ’. ನನ್ನ ಪ್ರಬಂಧವನ್ನೇ ನಾಲ್ಕು ಸಾಲು ಹಿಂದೆ ಮುಂದೆ ಮಾಡಿ ಅವನಿಗೆ ಬರೆದುಕೊಟ್ಟಿದ್ದೆ. ಓದಿದೆ. ‘ನನ್ನ ತಾಯಿ ಬೈದರೂ ನನಗೆ ಬೇಸರವಿಲ್ಲ. ಅದು ನನ್ನ ಒಳ್ಳೆಯದಕ್ಕೆ.’

ಇಷ್ಟು ಕೇಳಿ ಅವಳಿಗೆ ಸಮಾಧಾನವಾಗಬಹುದು, ನಾನು ಪಾರಾದೆ ಎಂದುಕೊಂಡೆ. ಅಮ್ಮ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ‘ಹೀಗೆ ಬರೆದ ಮಗನ್ನ ಬಾಯಾರೆ ಕೊಂದುಬಿಟ್ಟೆ’ ಎಂದಳು.

ಅವಳ ಕೈಯಿಂದ ಪುಸ್ತಕ ಬಿಡಿಸಿಕೊಂಡೆ. ಟ್ರಂಕಿನಲ್ಲಿದ್ದ ಒಂದು ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡು ಆ ಪುಟದ ಕೆಳಗೆ ಅದೇ ಸಾಲನ್ನು ಬರೆದೆ. ಹತ್ತು ವರ್ಷ ಬಿಟ್ಟಿದ್ದರೂ ಕೈ ಮರೆತಿರಲಿಲ್ಲ. ಅದೇ ಓರೆ, ಅದೇ ಕಾಗೆ ಕಾಲು. ಅಮ್ಮ ಮೇಲಿನದನ್ನೂ ಕೆಳಗಿನದನ್ನೂ ನೋಡಿದಳು. ಓದಲು ಬರದಿದ್ದರೂ ಹೋಲಿಸಲು ಬರುತ್ತದೆ.

‘ಎಲ್ಲಾ ನಾನೇ ಬರೆದಿದ್ದು ಅಮ್ಮ. ಅವನಿಗೆ ಒಂದಕ್ಷರಾನೂ ಓದೋಕೆ ಬರ್ತಿರಲಿಲ್ಲ. ಬೋರ್ಡಲ್ಲಿ ಏನಿದೆ ಅಂತ ಅವನಿಗೆ ಗೊತ್ತೇ ಆಗಿಲ್ಲ.’

‘ನನ್ನೆದುರಿಗೆ ಓದ್ತಿದ್ನಲ್ಲೇ.’

‘ಬಾಯಿಪಾಠ. ನಾನು ಕೆಮ್ಮಿದಾಗ ಹಾಳೆ ತಿರುಗಿಸ್ತಿದ್ದ.’

‘ಹಾಗಾದ್ರೆ ನನ್ನ ಮಾತಿಗೆ ಹೋಗಲಿಲ್ಲ’ ಎಂದಳು ಅಮ್ಮ.

‘ಇಲ್ಲಮ್ಮ. ಕೆಲಸ ಮಾಡೋಕೆ ಹೋದ, ಅಷ್ಟೇ.’

ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ‘ಅವತ್ತು ಬೆಳಿಗ್ಗೆ ಅವನು ನಿನ್ನ ಮುಖ ನೋಡಿದ್ನಲ್ಲೇ’ ಎಂದಳು, ಮೆಲ್ಲಗೆ.

ಆಮೇಲೆ ಅವಳು ಅತ್ತಳು. ಹದಿನೇಳು ದಿನದಲ್ಲಿ ಅದೇ ಮೊದಲು. ಅಳು ನಿಂತ ಮೇಲೆ ಸುತ್ತ ಹರಡಿದ್ದ ಪುಸ್ತಕಗಳನ್ನು ನೋಡುತ್ತ ಕೇಳಿದಳು, ‘ಇಷ್ಟರಲ್ಲಿ ಅವನ ಕೈಯದು ಅಂತ ಒಂದೂ ಇಲ್ವೇನೆ?’

‘ಗೆರೆ’ ಎಂದೆ. ‘ಈ ಮಾರ್ಜಿನ್ ಗೆರೆ ಅವನೇ ಎಳೀತಿದ್ದ. ಎಲ್ಲಾ ಪುಟಕ್ಕೂ.’

ಅಮ್ಮನ ಬೆರಳು ಅಕ್ಷರಗಳನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಕೆಂಪು ಗೆರೆಯ ಮೇಲೆ ತುದಿಯಿಂದ ಬುಡದವರೆಗೆ ನಿಧಾನವಾಗಿ ಇಳಿಯಿತು. ಗೆರೆ ಎಲ್ಲೂ ಸೊಟ್ಟಗಾಗಿರಲಿಲ್ಲ. ಹಾಳೆ ತಿರುಗಿಸಿ ಇನ್ನೊಂದು ಗೆರೆ, ಮತ್ತೊಂದು ಗೆರೆ. ಹಾಗೆ ಒಂದು ಪುಸ್ತಕ ಮುಗಿಸಿ ತಲೆಯೆತ್ತಿದಳು.

‘ನಿನ್ನ ಪುಸ್ತಕಕ್ಕೂ ಎಳೀತಿದ್ನಾ?’

‘ಹೂಂ.’

‘ಅವನ್ನೂ ತಗೊಂಡು ಬಾ’ ಎಂದು ಕೈ ಚಾಚಿದಳು.

ನನ್ನವು ಇರಲಿಲ್ಲ. ಕೆಲಸ ಸಿಕ್ಕಿದ ವರ್ಷ ಅಷ್ಟನ್ನೂ ರದ್ದಿಗೆ ಹಾಕಿದ್ದೆ. ಅವಳ ಕೈ ಚಾಚಿದ ಹಾಗೇ ಇತ್ತು. ಅದನ್ನೂ ಹೇಳಿದೆ.