ತೂತು ಬಿದ್ದ ಪೈಪು, ಬೋರಮ್ಮನ ಬೇವು

ನಾನು ಒಂದು ನೀರಿನ ಪೈಪು. ಹಸಿರು ಮೈ, ಉದ್ದಕ್ಕೂ ಒಂದು ಹಳದಿ ಗೆರೆ. ಹುಟ್ಟುತ್ತಲೇ ನನ್ನನ್ನು ಸುರುಳಿ ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟರು. ಅಂದಿನಿಂದ ನನಗೆ ಒಂದು ಕಡೆ ಸುಮ್ಮನೆ ಬಿದ್ದಿರುವುದೆಂದರೆ ಆಗದು. ವಿಜಯಪುರದ ಅಂಗಡಿಯೊಂದರ ಮೊಳೆಗೆ ನೇತಾಡುತ್ತಿದ್ದಾಗ ದಾರಿಹೋಕರ ಕಾಲುಗಳನ್ನೇ ನೋಡುತ್ತಿದ್ದೆ. ಇವರೆಲ್ಲ ಎಲ್ಲಿಗೋ ಹೊರಟಿದ್ದಾರೆ, ನಾನೊಬ್ಬನೇ ಇಲ್ಲಿ ಎಂದು ಹೊಟ್ಟೆ ಉರಿಯುತ್ತಿತ್ತು.

ನನ್ನನ್ನು ಕೊಂಡವನು ಮನೆ ಕಟ್ಟುವ ಗೌಂಡಿ ಹುಸೇನಸಾಬ. ಇಂದು ಒಂದು ಮನೆಯ ಮಾಳಿಗೆ, ನಾಳೆ ಇನ್ನೊಂದರ ಗೋಡೆ. ಹಸಿ ಸಿಮೆಂಟಿಗೆ ನೀರುಣಿಸುವುದು ನನ್ನ ಕೆಲಸ. ಅವನ ಸೈಕಲ್ಲಿನ ಹಿಂದೆ ಕೂತು ಊರೆಲ್ಲ ಸುತ್ತಿದೆ. ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಹಾಗೆ ಸುತ್ತುತ್ತ ಒಂದು ಬೇಸಿಗೆಯಲ್ಲಿ ಸಿದ್ರಾಮಪ್ಪನ ಮನೆಗೆ ಬಂದೆವು.

ಅಂಗಳದಲ್ಲೊಂದು ದೊಡ್ಡ ಬೇವಿನ ಮರ. ಸಿದ್ರಾಮಪ್ಪನ ಅಪ್ಪ ನೆಟ್ಟದ್ದು. ಅದರ ನೆರಳಿನಲ್ಲಿ ಅವನ ಹೆಂಡತಿ ಬೋರಮ್ಮ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು. ಅವರದು ತಗಡಿನ ಮನೆ. ಆ ಊರ ಬಿಸಿಲಿಗೆ ಒಳಗೆ ಕೂತರೆ ಕಾದ ಹಂಚಿನ ಮೇಲೆ ಕೂತ ಹಾಗೆ. ಮರವಿದ್ದರೆ ಅವಳ ಹೊಲಿಗೆ, ಇಲ್ಲದಿದ್ದರೆ ಇಲ್ಲ. ಸಿದ್ರಾಮಪ್ಪನಿಗೂ ಆ ಮರವೆಂದರೆ ಜೀವ. ಅದಕ್ಕೇ ಹುಸೇನಸಾಬನಿಂದ ಅದರ ಸುತ್ತ ಸೊಂಟದೆತ್ತರ ಕಟ್ಟೆ ಕಟ್ಟಿಸಿದ, ಕಾಂಡ ಮುಚ್ಚುವ ಹಾಗೆ ಮಣ್ಣು ತುಂಬಿಸಿದ, ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿಸಿದ. ಕಲ್ಲು ಸಾಲದೆ ಕಾಂಪೌಂಡಿನ ಮೂಲೆಯೊಂದು ಮಾತ್ರ ಬರಿ ಮಣ್ಣಾಗಿ ಉಳಿಯಿತು.

ಕೆಲಸ ಮುಗಿದ ದಿನ ಬೋರಮ್ಮ, “ಕಾಕಾ, ಈ ಪೈಪ್ ಇಲ್ಲೇ ಬಿಟ್ಟು ಹೋಗ್ರಿ. ಗಿಡಕ್ಕ ನೀರು ಹಾಕಾಕ ಬೇಕು” ಎಂದಳು. ಹುಸೇನಸಾಬ ಹಿಂದುಮುಂದು ನೋಡದೆ ಬಿಟ್ಟುಹೋದ. ಅವನ ಸೈಕಲ್ಲು ತಿರುವಿನಲ್ಲಿ ಮರೆಯಾದಾಗ ನನಗೆ ಅಳು ಬಂತು.

ಬೀದಿ ಕಡೆಯ ನಲ್ಲಿಯಿಂದ ಗೋಡೆಗುಂಟ ಹೋಗಿ, ಆ ಮೂಲೆ ಬಳಸಿ, ಕಟ್ಟೆಯ ಮೇಲೆ ಬಾಯಿಟ್ಟು ಮಲಗುವುದೇ ಇನ್ನು ನನ್ನ ಬಾಳು. ವಾರಕ್ಕೊಮ್ಮೆ ನಲ್ಲಿ ಬಂದಾಗ ಬುಡಕ್ಕೆ ನೀರು ಸುರಿಯುತ್ತಿದ್ದೆ. ಉಳಿದ ದಿನ ಬಿಸಿಲಿಗೆ ಬೇಯುತ್ತ, ಯಾರಾದರೂ ಎತ್ತಿಕೊಂಡು ಹೋಗಬಾರದೇ ಎಂದು ಚಡಪಡಿಸುತ್ತಿದ್ದೆ. ಒಂದು ಬೇಸಿಗೆಯಲ್ಲಿ ಬಾಯಾರಿದ ಅಳಿಲೊಂದು ಮೂಲೆಯಲ್ಲಿ ನನ್ನ ಮೈ ಕಚ್ಚಿ ತೂತು ಮಾಡಿತು. ಬೋರಮ್ಮ ಬಟ್ಟೆಯ ಚೂರು ಕಟ್ಟುತ್ತಿದ್ದಳು. ನೀರಿನ ರಭಸಕ್ಕೆ ಅದು ಬಿಚ್ಚಿಹೋಗುತ್ತಿತ್ತು. “ದರಿದ್ರ ಪೈಪ್! ಅರ್ಧ ನೀರು ಇಲ್ಲೇ ಸೋರತೈತಿ” ಎಂದು ಸಿದ್ರಾಮಪ್ಪ ಒದೆಯುತ್ತಿದ್ದ. ನನಗೂ ನಾಚಿಕೆಯೇ.

ಮರವೋ ವರ್ಷದಿಂದ ವರ್ಷಕ್ಕೆ ಒಣಗುತ್ತ ಬಂತು. ನೀರು ಸಾಲದೇನೋ ಎಂದು ಇವರು ಬುಡಕ್ಕೇ ಇನ್ನಷ್ಟು ಸುರಿದರು. ಕೊನೆಗೊಂದು ಸಂಜೆ ಒಣ ಟೊಂಗೆ ಮುರಿದು ಹೊಲಿಗೆ ಮಷಿನ್ನಿನ ಪಕ್ಕದಲ್ಲೇ ಬಿತ್ತು. ಬೋರಮ್ಮ ಆಗಷ್ಟೇ ಎದ್ದು ಒಳಗೆ ಹೋಗಿದ್ದಳು.

“ನಾಳೆ ನಿನ್ನ ತಲೀ ಮ್ಯಾಲ ಬೀಳತೈತಿ. ಕಡಿಸಿಬಿಡ್ತೀನಿ” ಎಂದ ಸಿದ್ರಾಮಪ್ಪ.

“ಯುಗಾದಿ ಆಗ್ಲಿ ರೀ. ಹಬ್ಬಕ್ಕ ಹೂ ಕೊಡೂ ಗಿಡಕ್ಕ ಈಗ ಕೊಡ್ಲಿ ಹಾಕಬ್ಯಾಡ್ರಿ” ಎಂದಳು ಅವಳು.

ಯುಗಾದಿ ಬಂತು. ಮರ ಕಡಿಯುವವನಿಗೆ ಮರುದಿನವೇ ಬರಹೇಳಿದ್ದರು. ಬೇವು-ಬೆಲ್ಲಕ್ಕೆ ಹೂ ಬೇಕೆಂದು ಬೋರಮ್ಮ ತಾಟು ಹಿಡಿದು ಮರದ ಸುತ್ತ ಬಂದಳು. ಈ ಕಡೆ ಬೋಳು, ಆ ಕಡೆ ಬೋಳು. ನಾನು ಬಿದ್ದಿದ್ದ ಮೂಲೆಗೆ ಬಂದವಳು ಗಕ್ಕನೆ ನಿಂತಳು.

“ರೀ, ಇಲ್ಲಿ ಬರ್ರಿ! ಈ ಟೊಂಗಿ ಒಂದಕ್ಕ ಹೆಂಗ ಹೂ ಬಂತು?”

ಸಿದ್ರಾಮಪ್ಪ ಮೇಲೆ ನೋಡಿದ. ಬೋರಮ್ಮ ಕೆಳಗೆ ನೋಡಿದಳು. ಅಲ್ಲಿ ನಾನಿದ್ದೆ, ನನ್ನ ತೂತಿತ್ತು, ಅದರ ಸುತ್ತ ತಂಪು ಮಣ್ಣಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದಕಿದಳು. ಕೂದಲಿನಷ್ಟು ಸಣ್ಣ ಬೇರುಗಳು ಬೆರಳಿಗೆ ತೊಡರಿದವು.

“ಗಿಡದ ಬಾಯಿ ಇಷ್ಟು ದೂರ ಐತಿ ನೋಡ್ರಿ. ನಾವು ಅದರ ಕುತ್ತಿಗಿಮಟ ಮಣ್ಣು ತುಂಬೀವಿ, ಬಾಯಿ ಮ್ಯಾಲ ಕಲ್ಲು ಹಾಸೀವಿ.”

ಸಿದ್ರಾಮಪ್ಪ ಹೋಗಿ ಕಟ್ಟೆಯ ಮೇಲೆ ಕೈಯಿಟ್ಟ. ಆಮೇಲೆ, “ನಾನ ಕಟ್ಟಿಸೀನಿ, ನಾನ ಒಡೀತೀನಿ” ಎಂದ. ಮರುದಿನ ಬಂದ ಮರ ಕಡಿಯುವವನಿಂದ ಒಣಗಿದ ಟೊಂಗೆಗಳನ್ನಷ್ಟೇ ತೆಗೆಸಿದರು. ಹಾರೆ ಹಿಡಿದು ಕಟ್ಟೆ ಕೆಡವಿದವನು ಸಿದ್ರಾಮಪ್ಪನೇ. ಹೂತಿದ್ದ ಕಾಂಡ ಹೊರಬಂತು. ಟೊಂಗೆಗಳ ತುದಿ ಎಲ್ಲಿಯವರೆಗೆ ಚಾಚಿತ್ತೋ ಅಲ್ಲಿ ಸುತ್ತಲೂ ಒಂದೊಂದೇ ಫರಸಿ ಕಿತ್ತ.

ಆಮೇಲೆ ಬೋರಮ್ಮ ದಬ್ಬಣ ಕಾಯಿಸಿ ತಂದಳು. ಒಂದು ತೂತಿಗೇ ಇಷ್ಟು ಬೈಗುಳ ತಿಂದವನು ನಾನು. ಅವಳು ಕುಪ್ಪಸಕ್ಕೆ ಹೊಲಿಗೆ ಹಾಕುವಷ್ಟೇ ಜತನದಿಂದ ನನ್ನ ಮೈತುಂಬ ಚುಚ್ಚಿದಳು. ಬಾಯಿ ಕಟ್ಟಿ, ಕಲ್ಲು ಕಿತ್ತ ಜಾಗದಲ್ಲಿ ಮರದ ಸುತ್ತ ಬಳೆಯ ಹಾಗೆ ಮಲಗಿಸಿ, ಮೇಲೆ ಮಣ್ಣು, ಒಣ ಎಲೆ ಮುಚ್ಚಿದಳು. ಇನ್ನು ಸೈಕಲ್ಲೂ ಇಲ್ಲ, ಊರೂ ಇಲ್ಲ ಎಂದು ಅತ್ತುಬಿಟ್ಟೆ.

ಈಗ ನನಗೆ ವಯಸ್ಸಾಗಿದೆ, ಮೈ ಗಡುಸಾಗಿದೆ. ಬೇವು ಮೊದಲಿನಷ್ಟು ದಟ್ಟವಾಗಲಿಲ್ಲ. ಆದರೂ ಬದುಕಿತು, ಹಳೆಯ ಗಾಯಗಳ ಪಕ್ಕದಲ್ಲಿ ಚಿಗುರಿತು. ಮೇಲೆ ಹೊಲಿಗೆ ಮಷಿನ್ನಿನ ಸದ್ದು ಕೇಳುತ್ತದೆ. ಮರದ ಬೇರೊಂದು ನನ್ನನ್ನು ಹುಡುಕಿಕೊಂಡು ಬಂದು ಮೈಮೇಲೆ ಕಾಲು ಹಾಕಿ ಮಲಗಿದೆ. ಅದು ದಪ್ಪವಾಗುತ್ತಿದೆ. ಒಂದು ದಿನ ನನ್ನನ್ನು ಅಮುಕಿಬಿಡುತ್ತದೆ ಎಂದು ಗೊತ್ತು.

ನನ್ನ ಚಡಪಡಿಕೆ ಮಾತ್ರ ಹೋಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಆದರೆ ಈಗ ಎಲ್ಲಿಗಾದರೂ ಹೋಗಬೇಕು ಅನ್ನಿಸುವುದಿಲ್ಲ. ವಾರ ಕಳೆಯುತ್ತ ಬಂದ ಹಾಗೆ ಒಂದೇ ಚಿಂತೆ, ಇಂದು ನಲ್ಲಿ ಬರುತ್ತದೋ ಇಲ್ಲವೋ. ಓಣಿಯ ತುದಿಯಲ್ಲಿ ಯಾರೋ “ನೀರು ಬಂದಾವ್ರೀ!” ಎಂದು ಕೂಗಿದರೆ, ಬೋರಮ್ಮ ನಲ್ಲಿಯ ಹತ್ತಿರ ಬರುವಷ್ಟರಲ್ಲಿ ನಾನು ಮಣ್ಣಿನೊಳಗೆ ಕಾಯುತ್ತಿರುತ್ತೇನೆ, ಬೇರಿನ ಜೊತೆ.